ಸಮತಟ್ಟಾದ ಮೇಜೂ ಧರ್ಮಪ್ಪನವರ ದೊರೆಯೂ

ಸಮತಟ್ಟು ಎಂಬ ಪದವನ್ನು ನಮ್ಮ ಕಡೆಯವರು ಬಳಸುವುದು ಕಡಿಮೆ. ಬಳಸಲು ಅವಕಾಶವೇ ಸಿಗುವುದಿಲ್ಲ. ಸಕಲೇಶಪುರದಿಂದ ಯಸಳೂರಿಗೆ ಬಸ್ಸಿನಲ್ಲಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರ್ಧ ದಾರಿ ಎಡಗಡೆಯವರು ಬಲಗಡೆಯವರ ಮೇಲೆ, ಉಳಿದರ್ಧ ದಾರಿ ಬಲಗಡೆಯವರು ಎಡಗಡೆಯವರ ಮೇಲೆ ವಾಲಿಕೊಂಡೇ ಬಂದಿರುತ್ತಾರೆ. ನಮ್ಮ ಮನೆಗಳು ಗುಡ್ಡವನ್ನು ಒಂದು ಕಡೆ ಕಡಿದು, ಆ ಮಣ್ಣನ್ನು ಇನ್ನೊಂದು ಕಡೆ ಸುರಿದು, ಅದರ ಮೇಲೆ ಕೂರಿಸಿದಂಥವು. ಸುರಿದ ಕಡೆ ವರ್ಷವರ್ಷವೂ ಒಂದಿಷ್ಟು ಕೂರುತ್ತದೆ. ಊಟಕ್ಕೆ ಕೂತರೆ ಸಾರು ಎಲೆಯ ಯಾವ ಅಂಚಿನಿಂದ ಓಡಿಹೋಗುತ್ತದೆ ಎನ್ನುವುದು ಮನೆಯವರಿಗೆಲ್ಲ ಗೊತ್ತಿರುತ್ತದೆ. ನೆಂಟರಿಗೆ ಮಾತ್ರ ಗೊತ್ತಿರುವುದಿಲ್ಲ. ಅಡುಗೆಮನೆಯಲ್ಲಿ ನಿಂಬೆಹಣ್ಣು ಕೈಜಾರಿ ಬಿದ್ದರೆ ನಾವು ಯಾರೂ ಬಗ್ಗಿ ಹುಡುಕುವುದಿಲ್ಲ; ಹಿತ್ತಿಲ ಬಾಗಿಲ ಮೂಲೆಗೆ ಹೋಗಿ ಅದು ಬರುವವರೆಗೆ ಕಾಯುತ್ತೇವೆ. ಇಂಥ ಊರಿನಲ್ಲಿ ಹುಟ್ಟಿ, ಇಂಥ ಊರಿನಲ್ಲೇ ತಲೆ ನರೆತ ನನಗೆ ಹೋದ ವರ್ಷ ಇದ್ದಕ್ಕಿದ್ದಂತೆ ಒಂದು ಸಮತಟ್ಟಾದ ಮೇಜು ಬೇಕು ಅನ್ನಿಸಿತು.

ನಾನು ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ರೈಟರ್ ಎಂದರೆ ಸಾಹಿತಿ ಎಂದು ತಿಳಿದು ಒಮ್ಮೆ ಯಾರೋ ನನ್ನನ್ನು ಶಾಲೆಯೊಂದರ ಸಮಾರಂಭಕ್ಕೆ ಕರೆದು ಶಾಲು ಹೊದಿಸಿದ್ದರು. ತಪ್ಪು ತಿಳಿವಳಿಕೆ ಸರಿಪಡಿಸುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಎಸ್ಟೇಟಿನ ರೈಟರ್ ಎಂದರೆ ಆಳುಗಳ ಹಾಜರಿ ಹಾಕುವವನು, ಗೊಬ್ಬರದ ಚೀಲ ಎಣಿಸುವವನು, ದೊರೆಗಳು ಜೀಪಿನಿಂದ ಇಳಿದಾಗ ಎದ್ದು ನಿಲ್ಲುವವನು. ಎಸ್ಟೇಟಿನ ಯಜಮಾನರನ್ನು ನಮ್ಮ ಕಡೆ ಇನ್ನೂ ದೊರೆಗಳು ಅಂತಲೇ ಕರೆಯುವುದು. ನಿವೃತ್ತನಾದ ಮೇಲೆ ಎದ್ದು ನಿಲ್ಲುವ ಕೆಲಸ ತಪ್ಪಿತು. ಯಸಳೂರಿನ ಹತ್ತಿರ ನಮ್ಮದೇ ಒಂದು ಚೂರು ಕಾಫಿ ತೋಟ, ಒಂದು ಮನೆ, ಮನೆಯ ಪಕ್ಕ ಕಾಫಿ ಚೀಲ ಇಡುತ್ತಿದ್ದ ಒಂದು ಶೆಡ್ಡು ಇವೆ. ಶೆಡ್ಡಿಗೆ ಒಂದು ಬಲ್ಬು ಹಾಕಿಸಿ, ಗೋಡೆಗೆ ಗರಗಸ ಉಳಿ ನೇತುಹಾಕಿ, ಅದನ್ನು ವರ್ಕ್‌ಶಾಪ್ ಎಂದು ಕರೆಯತೊಡಗಿದೆ. ನನ್ನ ಹೆಂಡತಿ ಗಿರಿಜ ಇವತ್ತಿಗೂ ಅದನ್ನು ಶೆಡ್ಡು ಅಂತಲೇ ಕರೆಯುತ್ತಾಳೆ.

ಅಲ್ಲಿ ನಾನು ಮಾಡಹೊರಟದ್ದು ಜೇನುಪೆಟ್ಟಿಗೆ. ತೋಟದಲ್ಲಿ ಜೇನಿದ್ದರೆ ಕಾಫಿ ಹೂವಿಗೆ ಒಳ್ಳೆಯದು, ತುಪ್ಪವೂ ಸಿಗುತ್ತದೆ, ನಿವೃತ್ತನಿಗೆ ಗೌರವವೂ ಇರುತ್ತದೆ. ಪೆಟ್ಟಿಗೆ ಕೊಂಡು ತರುವ ಬದಲು ನಾನೇ ಮಾಡುತ್ತೇನೆ ಎಂದು ಜಗಲಿಯ ಮೇಲೆ ಹಲಗೆ ಹರವಿಕೊಂಡು ಕೂತೆ. ಮೊದಲನೆಯ ಪೆಟ್ಟಿಗೆ ನಾಲ್ಕು ಮೂಲೆಯಲ್ಲಿ ಮೂರರ ಮೇಲೆ ನಿಂತಿತು. ಎರಡನೆಯದು ಎರಡರ ಮೇಲೆ. ಮುಚ್ಚಳ ಒಂದು ಕಡೆ ಕೂತರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಆ ಸಂದಿನಿಂದ ಇರುವೆಗಳು ಒಳಗೆ ಹೋದವು, ಜೇನುಗಳು ಹೊರಗೆ ಹೋದವು. ತಂದು ಕೂಡಿಸಿದ ತುಡುವೆ ಜೇನುಹುಳುಗಳು ಒಂದು ವಾರವೂ ನಿಲ್ಲದೆ ಎದ್ದು ಹೋದಾಗ ಗಿರಿಜ, "ಅವುಕ್ಕೂ ವಾಸ್ತು ಸರಿ ಬರ್ಲಿಲ್ಲ ಕಣ್ರೀ" ಅಂದಳು. ತಪ್ಪು ನನ್ನ ಕೈಯದ್ದಲ್ಲ, ನಾನು ಕೂತ ಜಾಗದ್ದು ಎಂದು ನನಗೆ ಆಗಲೇ ಅನುಮಾನವಿತ್ತು. ಆ ಅನುಮಾನಕ್ಕೆ ಮೊಬೈಲಿನ ವಿಡಿಯೋಗಳು ಪುರಾವೆ ಒದಗಿಸಿದವು. ಯಾವುದೋ ದೇಶದಲ್ಲಿ ಬಿಳಿ ಗಡ್ಡದವರೊಬ್ಬರು ತಮ್ಮ ಮೇಜನ್ನು ಅಂಗೈಯಲ್ಲಿ ಸವರುತ್ತ ಏನೋ ಹೇಳುತ್ತಿದ್ದರು. ಭಾಷೆ ಪೂರ್ತಿ ತಿಳಿಯಲಿಲ್ಲ, ಭಕ್ತಿ ತಿಳಿಯಿತು. ಮೇಜು ಸಮವಿಲ್ಲದಿದ್ದರೆ ಅದರ ಮೇಲೆ ಮಾಡಿದ ಯಾವುದೂ ಸಮವಿರುವುದಿಲ್ಲ ಎನ್ನುವುದು ಒಟ್ಟು ತಾತ್ಪರ್ಯ.

ಇಲ್ಲಿ ಪಕ್ಕದ ತೋಟದ ಧರ್ಮಪ್ಪನವರ ವಿಷಯ ಹೇಳಬೇಕು. ನಮ್ಮಿಬ್ಬರ ತೋಟಗಳ ನಡುವೆ ಒಂದು ಬೇಲಿ ಇದೆ; ಅವರು ಅದನ್ನು ದಾಟಿ ಬಂದು ಬಂದು, ಬೇಲಿಯೇ ಅಲ್ಲಿ ದಾರಿ ಬಿಟ್ಟುಕೊಟ್ಟಿದೆ. ದಿನಾ ಸಂಜೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿದು, ನಾನು ಏನು ಮಾಡುತ್ತಿದ್ದೇನೋ ಅದು ಯಾಕೆ ಆಗುವುದಿಲ್ಲ ಎಂದು ವಿವರಿಸಿ ಹೋಗುವುದು ಅವರ ಅಭ್ಯಾಸ. ಅವರಿಗೆ ಒಂದು ಕಂದು ಬಣ್ಣದ ನಾಯಿ. ಅದರ ಹೆಸರು ದೊರೆ. "ಜೀವಮಾನ ಪೂರ್ತಿ ದೊರೆ ಕರುದ್ರೆ ನಾವು ಓಡ್ಹೋಗ್ಬೇಕಿತ್ತಲ್ಲ, ಈಗ ನಾನ್ ಕರುದ್ರೆ ದೊರೆ ಓಡ್ಬರ್ತೈತೆ" ಎನ್ನುವುದು ಅವರ ಸಮಜಾಯಿಷಿ. ನನಗೆ ಮಾತ್ರ ಮೊದಮೊದಲು ಅವರು ಬೇಲಿಯಾಚೆಯಿಂದ "ದೊರೇ" ಎಂದು ಕೂಗಿದಾಗೆಲ್ಲ ಕುರ್ಚಿಯಿಂದ ಅರ್ಧ ಏಳುವಂತಾಗುತ್ತಿತ್ತು.

ಮೇಜಿಗೆ ಮೊದಲು ನಮ್ಮದೇ ತೋಟದ ಸಿಲ್ವರ್ ಓಕ್ ಹಲಗೆಗಳನ್ನು ಜೋಡಿಸಿದೆ. ಕಾಫಿಗೆ ನೆರಳು ಕೊಡುವ ಮರ, ನೆಟ್ಟಗೆ ಬೆಳೆಯುತ್ತದೆ. ಹಲಗೆಯಾದ ಮೇಲೆ ಆ ಗುಣ ಬಿಟ್ಟುಬಿಡುತ್ತದೆ. ಬಿಸಿಲು ಏರಿದಂತೆ ಒಂದೊಂದು ಹಲಗೆಯೂ ಒಂದೊಂದು ಕಡೆ ಮುಖ ತಿರುಗಿಸಿಕೊಂಡಿತು. ಧರ್ಮಪ್ಪನವರು ಅದನ್ನು ಸುತ್ತಿ ನೋಡಿ, "ಚೆನಾಗೈತೆ ರೈಟ್ರೇ, ದೋಣಿ ಮಾಡುಸ್ದಂಗೈತೆ. ಹೇಮಾವತಿ ಹೊಳೆಗ್ ಬುಟ್ಬುಡಿ" ಅಂದರು. ಎರಡನೆಯ ಉಪಾಯ ವಿಡಿಯೋದಲ್ಲೇ ಸಿಕ್ಕಿತು: ಒಂದು ಗಟ್ಟಿ ಫ್ಲಶ್ ಡೋರನ್ನೇ ತಂದು ಮೇಜಿನ ಮೇಲ್ಭಾಗ ಮಾಡಿಕೊಳ್ಳುವುದು. ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಬಾಗಿಲು ಬಾಗುವುದಿಲ್ಲ. ಸಕಲೇಶಪುರದ ಅಂಗಡಿಯವನು, "ಎಡಕ್ಕೆ ತೆಗಿಯೋದಾ, ಬಲಕ್ಕಾ ಸಾರ್?" ಎಂದು ಕೇಳಿದ. "ತೆಗಿಯೋದಲ್ಲಪ್ಪ, ಮಲಗ್ಸೋದು" ಅಂದೆ. ಅವನು ಹೆಚ್ಚಿಗೆ ಕೇಳಲಿಲ್ಲ. ಬಾಗಿಲನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಬರುವಾಗ ದಾರಿಯುದ್ದಕ್ಕೂ ಕಂಡವರೆಲ್ಲ "ಹೊಸ ರೂಮಾ ರೈಟ್ರೇ?" ಎಂದು ವಿಚಾರಿಸಿದರು. ಹೌದೆಂದರೂ ಅಲ್ಲವೆಂದರೂ ವಿವರಣೆ ಉದ್ದವಾಗುತ್ತದೆ ಎಂದು ನಗುತ್ತ ಬಂದೆ. ನಾನು ಮನೆ ಮುಟ್ಟುವ ಮೊದಲೇ ಹಾಸನದಿಂದ ಗಿರಿಜಳ ತಂಗಿ ಫೋನು ಮಾಡಿ, ಹೊಸ ರೂಮು ಕಟ್ಟಿಸುತ್ತಿರುವುದನ್ನು ತನ್ನಿಂದ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿ ಬೇಸರ ಮಾಡಿಕೊಂಡಾಗಿತ್ತು.

ಬಾಗಿಲು ಸಮವಿದ್ದರೆ ಸಾಲದು, ಅದು ಕೂರುವ ಚೌಕಟ್ಟೂ ಸಮವಿರಬೇಕು. ಇಲ್ಲದಿದ್ದರೆ ಬಾಗಿಲೂ ಅದರ ಜೊತೆ ತಿರುಚಿಕೊಳ್ಳುತ್ತದೆ. ಇದನ್ನು ಪರೀಕ್ಷಿಸುವ ಕ್ರಮ ಹೀಗೆ: ಚೌಕಟ್ಟಿನ ಈ ತುದಿಗೊಂದು ಆ ತುದಿಗೊಂದು ನೇರವಾದ ಪಟ್ಟಿ ಇಡಬೇಕು. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಎರಡು ಪಟ್ಟಿಗಳ ಮೇಲಂಚೂ ಒಂದೇ ಗೆರೆಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಕಂಡರೆ ಸಮ, ಕಾಣದಿದ್ದರೆ ತಗ್ಗಿದ ಕಡೆ ಏನಾದರೂ ತೆಳ್ಳನೆಯದನ್ನು ಸೇರಿಸಿ ಮತ್ತೆ ಮಂಡಿಯೂರಬೇಕು. ಗಿರಿಜ ಕಾಫಿ ಹಿಡಿದು ಬಂದವಳು ನನ್ನನ್ನು ಆ ಭಂಗಿಯಲ್ಲಿ ಕಂಡು ಬಾಗಿಲಲ್ಲೇ ನಿಂತಳು. "ಈ ವಯಸ್ಸಲ್ಲಿ ಯಾರಿಗ್ರೀ ಕಣ್ಣು ಹೊಡೀತಿದೀರಿ?" ಅಂದಳು. ಹಾಗೆ ಹೊಡೆದೂ ಹೊಡೆದೂ ಎಡಗಣ್ಣಿನ ಸುತ್ತ ನೋವು ಬಂದು, ಎರಡು ದಿನ ಮದುವೆಮನೆಗಳಲ್ಲಿ ಅಪಾರ್ಥಕ್ಕೆ ಎಡೆಕೊಡುವಂಥ ಮುಖ ಹೊತ್ತು ತಿರುಗಿದೆ.

ಮದುವೆ ಅಂದಾಗ ನೆನಪಾಯಿತು. ತಗ್ಗಿದ ಕಡೆ ಸೇರಿಸುವುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ವಸ್ತು ಲಗ್ನಪತ್ರಿಕೆ. ರಟ್ಟು ಗಟ್ಟಿ, ದಪ್ಪ ಒಂದೇ ಸಮ, ಮನೆಯಲ್ಲಿ ಬೇಕಾದಷ್ಟು. ಒಂದೊಂದು ಮನೆತನದ್ದು ಒಂದೊಂದು ದಪ್ಪ. ಬಡಬಗ್ಗರದ್ದು ಕೂದಲೆಳೆಯಷ್ಟು ವ್ಯತ್ಯಾಸಕ್ಕೆ, ದೊಡ್ಡ ಪ್ಲಾಂಟರ್‌ಗಳದ್ದು ದೊಡ್ಡ ಕಂದಕಕ್ಕೆ. ಯಾರ್ಯಾರದೋ ಮಕ್ಕಳ ಮದುವೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಂಟು ಹಚ್ಚಿ, ಚೌಕಟ್ಟಿನ ಮೇಲೆ ಅಂಟಿಸಿದೆ. ಬಾಗಿಲನ್ನು ಮಲಗಿಸಿ ಸ್ಕ್ರೂ ಹಾಕಿದೆ. ನಾಲ್ಕು ಕಾಲಿನಲ್ಲಿ ಮೂರು ನೆಲ ಮುಟ್ಟಿದವು. ನಾಲ್ಕನೆಯದು ನಮ್ಮ ಶೆಡ್ಡಿನ ನೆಲದ ಸ್ವಭಾವಕ್ಕೆ ತಕ್ಕಂತೆ ಗಾಳಿಯಲ್ಲಿತ್ತು. ಅದರ ಕೆಳಗೆ ಮಡಿಸಿ ಇಡಲು ಮನೆಯಲ್ಲಿದ್ದ ಎಲ್ಲಕ್ಕಿಂತ ದಪ್ಪದ ಪತ್ರಿಕೆಯನ್ನೇ ಹುಡುಕಿದೆ, ಇಟ್ಟೆ. ಮೇಜು ಒಮ್ಮೆಗೇ ಉಸಿರು ಬಿಟ್ಟಂತೆ ಗಟ್ಟಿಯಾಗಿ ನಿಂತಿತು. ಗಾರೆಯವರು ಬಳಸುವ, ಒಳಗೆ ಗುಳ್ಳೆ ಓಡಾಡುವ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದೆ. ಗುಳ್ಳೆ ನಡುಮಧ್ಯ ಬಂದು ಕೂತಿತು. ಒಂದು ನಿಂಬೆಹಣ್ಣು ತಂದು ಇಟ್ಟೆ. ಅದು ಉರುಳಲಿಲ್ಲ. ನಮ್ಮ ಮನೆಯ ನಿಂಬೆಹಣ್ಣು ಇಟ್ಟಲ್ಲೇ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಿರಿಜಳನ್ನು ಕೂಗಿ ಕರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಹಣ್ಣನ್ನು ಎತ್ತಿಕೊಂಡು ಚಿತ್ರಾನ್ನಕ್ಕೆ ಬೇಕೆಂದು ಹೋದಳು.

ಮೇಜು ಮುಗಿದ ಮೇಲೆ ನನ್ನ ನಡತೆ ಬದಲಾಯಿತು ಎಂದು ಗಿರಿಜ ಹೇಳುತ್ತಾಳೆ. ನನಗೆ ಹಾಗೆ ಅನ್ನಿಸಲಿಲ್ಲ. ಅದರ ಮೇಲೆ ಕಾಫಿ ಲೋಟ ಇಡಬೇಡಿ ಎಂದೆ, ಅಷ್ಟೇ. ಮೆಣಸು ಹರವಬೇಡ, ರವಿಕೆ ಬಟ್ಟೆ ಕತ್ತರಿಸಬೇಡ, ಹಪ್ಪಳ ಒತ್ತಬೇಡ ಎಂದೆ. ಒಂದು ಹಳೆಯ ಬೆಡ್‌ಶೀಟು ಹೊದಿಸಿದೆ. ಬೆಕ್ಕು ಹತ್ತದಿರಲಿ ಎಂದು ಬಾಗಿಲು ಹಾಕಿದೆ. ಜೇನುಪೆಟ್ಟಿಗೆ ಮಾಡಲು ಕೂತೆ. ಆದರೆ ಉಳಿ ತಗುಲಿ ಗೀರು ಬಿದ್ದೀತೆಂದು ಮೇಜಿನ ಮೇಲೆ ಮಾಡದೆ ಜಗಲಿಯ ಮೇಲೇ ಮಾಡಿದೆ. ಪೆಟ್ಟಿಗೆ ಕುಂಟಿತು. ಕುಂಟಿದರೇನು, ಮೇಜು ಸಮವಿತ್ತು.

ಜಗಳವಾದದ್ದು ಒಂದು ಮಧ್ಯಾಹ್ನ. ಧರ್ಮಪ್ಪನವರ ಕಳೆ ಕತ್ತರಿಸುವ ಮಿಷನ್ನು ಕೆಟ್ಟಿತ್ತು. ಅದನ್ನು ಹೆಗಲ ಮೇಲೆ ಹೊತ್ತು ಬಂದವರು, "ಸ್ವಲ್ಪ ಬಿಚ್ಚಿ ನೋಡನ ಬರ್ರಿ" ಎನ್ನುತ್ತ ಬೆಡ್‌ಶೀಟು ಸರಿಸಿ, ಎಣ್ಣೆ, ಮಣ್ಣು, ಹಸಿ ಹುಲ್ಲು ಸಮೇತ ಅದನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟರು. ನಾನು ಕೂಗಿದೆ. ಏನು ಕೂಗಿದೆ ಎನ್ನುವುದು ನೆನಪಿಲ್ಲ. ಎಸ್ಟೇಟಿನಲ್ಲಿ ಆಳುಗಳ ಮೇಲೆ ಕೂಗುತ್ತಿದ್ದ ಧ್ವನಿ ಎಂದು ಮಾತ್ರ ನೆನಪಿದೆ. ಧರ್ಮಪ್ಪನವರು ಮಿಷನ್ನನ್ನು ಎತ್ತಿ ಕೆಳಗಿಟ್ಟರು. ಬಗ್ಗಿದವರು ಹಾಗೇ ನಿಂತುಬಿಟ್ಟರು. ಅವರ ಕಣ್ಣು ಮೇಜಿನ ನಾಲ್ಕನೆಯ ಕಾಲಿನ ಮೇಲಿತ್ತು.

"ಇದು ನಮ್ ಸೌಮ್ಯನ್ ಮದ್ವೆ ಕಾಗ್ದ ಅಲ್ವಾ ರೈಟ್ರೇ?" ಅಂದರು.

ಹೌದು. ಅವರ ಒಬ್ಬಳೇ ಮಗಳ ಲಗ್ನಪತ್ರಿಕೆ. ಚಿನ್ನದ ಬಣ್ಣದ ಗಣಪತಿ ಕಾಲಿನ ಕೆಳಗಿನಿಂದ ಅರ್ಧ ಹೊರಗೆ ಇಣುಕುತ್ತಿದ್ದ. ಅತ್ಯಂತ ದಪ್ಪ ಪತ್ರಿಕೆ ಅದೇ ಆಗಿತ್ತು, ಅತ್ಯಂತ ಒಳ್ಳೆಯ ರಟ್ಟು ಅದೇ ಆಗಿತ್ತು ಎಂದು ವಿವರಿಸಲು ಹೋದೆ. ಕೆಲವು ವಿವರಣೆಗಳು ಶುರು ಮಾಡಿದ ಮೇಲೆ ಮುಗಿಸುವುದಕ್ಕೂ ಆಗುವುದಿಲ್ಲ, ನಿಲ್ಲಿಸುವುದಕ್ಕೂ ಆಗುವುದಿಲ್ಲ. "ಆ ಕಾಗ್ದ ಆರ್ಸಕ್ಕೆ ನಾನೂ ನಮ್ಮನೆಯವ್ಳೂ ಹಾಸನ್‌ದಾಗೆ ಒಂದಿನ ಪೂರ್ತಿ ಅಂಗ್ಡಿ ಅಂಗ್ಡಿ ತಿರುಗಿದ್ವಿ. ಪೂಜೆ ಮಾಡ್ಕಳಿ ನಿಮ್ ಮೇಜ್ನ. ನಾನಿನ್ ಈ ಕಡೆ ತಲೆ ಹಾಕಲ್ಲ" ಎಂದು ಮಿಷನ್ನು ಹೊತ್ತುಕೊಂಡು ಹೋದರು. ಆ ಸಲ ಬೇಲಿಯ ದಾರಿಯಲ್ಲಿ ಹೋಗಲಿಲ್ಲ. ಗೇಟು ತೆಗೆದು, ರಸ್ತೆಗೆ ಇಳಿದು, ಸುತ್ತಿಕೊಂಡು ಹೋದರು. ಅದನ್ನು ನೋಡಿ ನನಗೆ ವಿಷಯ ದೊಡ್ಡದಾಗಿದೆ ಎಂದು ತಿಳಿಯಿತು.

ಅವರು ಹೋದ ಮೇಲೆ ಪತ್ರಿಕೆಯನ್ನು ತೆಗೆದು, ಒರೆಸಿ, ಉಳಿಗಳ ಪಕ್ಕದ ಗೂಡಿನಲ್ಲಿ ಇಟ್ಟೆ. ಬೇರೆ ಯಾವುದನ್ನಾದರೂ ಆ ಕಾಲಿನ ಕೆಳಗೆ ಇಡಬಹುದಿತ್ತು. ಇಡಲಿಲ್ಲ. ಶೆಡ್ಡಿಗೆ ಹೋಗುವುದೇ ಕಡಿಮೆಯಾಯಿತು. ಸಂಜೆ ಗಿರಿಜ ಅಭ್ಯಾಸಬಲದಿಂದ ಮೂರು ಲೋಟ ಕಾಫಿ ಮಾಡುತ್ತಿದ್ದಳು. ಮೂರನೆಯದನ್ನು ಇಬ್ಬರೂ ಅರ್ಧರ್ಧ ಕುಡಿಯುತ್ತಿದ್ದೆವು. ಹೋಗಿ ಒಂದು ಮಾತು ಹೇಳಿ ಬನ್ನಿ ಎಂದು ಅವಳು ಒಂದೆರಡು ಸಲ ಹೇಳಿದಳು. ಹೋಗುತ್ತೇನೆ ಎಂದೆ. ಬೇಲಿಯವರೆಗೆ ಹೋಗಿ, ಅಲ್ಲಿನ ಕಾಳುಮೆಣಸಿನ ಬಳ್ಳಿಯನ್ನು ಪರೀಕ್ಷಿಸಿ ಬಂದೆ. ಆ ದಿನಗಳಲ್ಲಿ ಎರಡು ಮನೆಗಳ ನಡುವೆ ಓಡಾಡುತ್ತಿದ್ದವನು ದೊರೆ ಒಬ್ಬನೇ. ಅವನಿಗೂ ನಮಗೂ ಜಗಳವಾಗಿರಲಿಲ್ಲ. ಬೆಳಿಗ್ಗೆ ಬಂದು ದೋಸೆಯ ಮೊದಲ ಹರಕನ್ನು ತಿಂದು, ಜಗಲಿಯ ಕೆಳಗೆ ಮಲಗಿ, ಯಜಮಾನರ ಪ್ರತಿನಿಧಿಯಾಗಿ ಸಂಜೆಯವರೆಗೆ ಇರುತ್ತಿದ್ದ.

ಒಂದು ಬೆಳಿಗ್ಗೆ ದೊರೆ ಬರಲಿಲ್ಲ. ಹರಕು ದೋಸೆ ತಟ್ಟೆಯಲ್ಲೇ ಒಣಗಿತು. ಹನ್ನೊಂದರ ಹೊತ್ತಿಗೆ ಬೇಲಿಯ ಕಡೆ ಗಿಡ ಮುರಿಯುವ ಸದ್ದಾಯಿತು. ಧರ್ಮಪ್ಪನವರು ಗೋಣಿಚೀಲದಲ್ಲಿ ನಾಯಿಯನ್ನು ಎತ್ತಿಕೊಂಡು, ಆ ಹಳೆಯ ದಾರಿಯಲ್ಲೇ ನುಗ್ಗಿ ಬಂದರು. ಹಳ್ಳದ ಪಕ್ಕ ಹಂದಿಗೆಂದು ಯಾರೋ ಬೈಕಿನ ಕ್ಲಚ್ ವೈರಿನಲ್ಲಿ ಉರುಲು ಕಟ್ಟಿದ್ದರು. ಅದು ದೊರೆಯ ಹೊಟ್ಟೆಯ ಸುತ್ತ ಬಿಗಿದು, ಚರ್ಮ ಸೀಳಿ ಒಳಗೆ ಇಳಿದಿತ್ತು. ನಾಯಿ ಕೂಗುತ್ತಿರಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅನ್ನಿಸುವಂತೆ ಸುಮ್ಮನಿತ್ತು. "ದನಕ್ಕೆ ಇಂಜೆಕ್ಷನ್ ಹಾಕಕ್ಕೆ ಡಾಕ್ಟ್ರಮ್ಮ ಮ್ಯಾಲ್ಗಡೆ ಮನೆಗ್ ಬಂದವ್ರಂತೆ ಗಿರ್ಜಮ್ಮ. ನಿಮ್ ಗೇಟತ್ರನೇ ಹೋಗ್ಬೇಕು ಅವ್ರು, ಅದುಕ್ ಬಂದೆ" ಅಂದರು. ನನ್ನ ಕಡೆ ನೋಡಲಿಲ್ಲ. ಬಂದದ್ದಕ್ಕೆ ಕಾರಣ ಕೊಟ್ಟದ್ದೂ ನನಗಲ್ಲ, ಗಿರಿಜಳಿಗೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಗಮ್‌ಬೂಟು ಹಾಕಿಕೊಂಡು ಸ್ಕೂಟರಿನಲ್ಲಿ ಬಂದರು. ಗೋಣಿ ಸರಿಸಿ ನೋಡಿ, ಈಗಲೇ ವೈರು ಕತ್ತರಿಸಿ ಹೊಲಿಗೆ ಹಾಕಬೇಕು, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತಿಲ್ಲ ಅಂದರು. ಜಗಲಿಯನ್ನು ನೋಡಿದರು, ಅದು ವಾಲಿತ್ತು. ಅಂಗಳ ನೋಡಿದರು, ಮಣ್ಣು. "ಸೊಂಟದೆತ್ತರದ್ದು ಒಂದು ಗಟ್ಟಿ ಟೇಬಲ್ ಇದೆಯಾ? ಸಮ ಇರ್ಬೇಕು, ಅಲ್ಲಾಡಬಾರ್ದು" ಎಂದು ಕೇಳಿದರು.

ಧರ್ಮಪ್ಪನವರು ನೆಲ ನೋಡುತ್ತ, "ನಮ್ಮನೆ ಅಕ್ಕಿ ಪೆಟ್ಟಿಗೆ ಮ್ಯಾಲೆ ಆಗಲ್ವಾ ಮೇಡಂ?" ಅಂದರು. ತಕ್ಷಣ ಮುಂದೆ ಬಂದು ನನ್ನ ಮೇಜು ಇದೆ ಎಂದೆ ಎಂದು ಇಲ್ಲಿ ಬರೆದರೆ ಓದುವವರಿಗೆ ನನ್ನ ಮೇಲೆ ಅಭಿಮಾನ ಬರಬಹುದು. ನಾನು ಬಾಯಿ ತೆರೆದದ್ದು ನಿಜ. ಆದರೆ ಅಷ್ಟರಲ್ಲಿ ಗಿರಿಜ ಶೆಡ್ಡಿನ ಬಾಗಿಲನ್ನು ಹಾರುಹೊಡೆದು, ಬೆಡ್‌ಶೀಟನ್ನು ಒಂದೇ ಎಳೆತಕ್ಕೆ ಕಿತ್ತು, "ಇಲ್ಲಿಗ್ ತನ್ನಿ" ಎಂದು ಕೂಗಿದ್ದಳು.

ನಾಯಿಯನ್ನು ಮಲಗಿಸಿದರು. ಮೇಜು ಟಕ್ ಎಂದು ಒಂದು ಕಡೆ ಬಾಗಿತು. ಡಾಕ್ಟರಮ್ಮ ಕೈ ತೆಗೆದರು. ಟಕ್ ಎಂದು ಇನ್ನೊಂದು ಕಡೆ ಬಾಗಿತು. "ಅಲ್ಲಾಡ್ತಿದೆಯಲ್ಲ" ಅಂದರು. ನನಗೆ ಕಾರಣ ಗೊತ್ತಿತ್ತು. ನಾಲ್ಕನೆಯ ಕಾಲು. ನಾನು ಗೂಡಿನ ಕಡೆ ನೋಡಿದೆ. ಧರ್ಮಪ್ಪನವರೂ ನೋಡಿದರು. ಅಲ್ಲಿ ಪತ್ರಿಕೆ ಕಾಣುತ್ತಿತ್ತು. ಸುತ್ತಮುತ್ತ ಬೇರೆ ರಟ್ಟೋ ಚಕ್ಕೆಯೋ ಇದ್ದೇ ಇತ್ತು. ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಯಾವುದೂ ಬೀಳಲಿಲ್ಲ.

"ಹಾಕ್ರೀ ಮದ್ಲು" ಅಂದರು ಧರ್ಮಪ್ಪನವರು.

"ಗಣಪತಿ ಇದಾನೆ..." ಅಂದೆ.

"ಗಣಪತಿ ಏನೂ ಅನ್ಕಳಲ್ಲ ಮಾರಾಯ್ರೆ. ಹಾಕ್ರೀ!"

ಹಾಕಿದೆ. ಮೇಜು ನಿಂತಿತು. ಆಮೇಲೆ ನಡೆದದ್ದರಲ್ಲಿ ನನ್ನ ಪಾಲು ದೊರೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು. ಮದ್ದಿನ ಸೂಜಿ ಚುಚ್ಚಿದ ಮೇಲೆ ಅವನ ನಾಲಿಗೆ ಒಂದು ಬದಿಗೆ ಜಾರಿ ನನ್ನ ಮಣಿಕಟ್ಟಿಗೆ ತಾಗಿಕೊಂಡಿತ್ತು, ಬೆಚ್ಚಗಿತ್ತು. ಅದು ಬೆಚ್ಚಗಿದೆಯೇ ಎಂಬುದೊಂದನ್ನೇ ನಾನು ಗಮನಿಸುತ್ತಿದ್ದೆ. ಧರ್ಮಪ್ಪನವರಿಗೆ ನೋಡಲಾಗಲಿಲ್ಲ, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಆಗಾಗ ಅಲ್ಲಿಂದಲೇ "ಉಸಿರೈತಾ ರೈಟ್ರೇ?" ಎಂದು ಕೇಳುತ್ತಿದ್ದರು. "ಐತೆ" ಎನ್ನುತ್ತಿದ್ದೆ. ಗಣಪತಿಯ ಮಾತೊಂದನ್ನು ಬಿಟ್ಟರೆ, ಜಗಳವಾದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮೊದಲ ಸಂಭಾಷಣೆ ಅದು. ಅಷ್ಟನ್ನೇ ತಿರುಗಿ ತಿರುಗಿ ಆಡಿದೆವು. ವೈರು ಬಿತ್ತು, ಹೊಲಿಗೆ ಆಯಿತು. ಡಾಕ್ಟರಮ್ಮ ಬೆನ್ನು ನೇರ ಮಾಡಿಕೊಂಡು, ಕರುಳಿಗೆ ಏಟಾಗಿಲ್ಲ, ಬದುಕುತ್ತಾನೆ, ಒಂದು ವಾರ ಇಲ್ಲಿಂದ ಅಲುಗಿಸಬೇಡಿ ಅಂದರು. ಹೊರಗೆ ಗೋಡೆಯ ಹತ್ತಿರ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಕೈ ತೊಳೆಯುತ್ತ ಡಾಕ್ಟರಮ್ಮ ಮೇಜನ್ನು ಒಮ್ಮೆ ನೋಡಿದರು. ರಕ್ತ, ಔಷಧಿ, ನೀರು ಎಲ್ಲ ಸೇರಿ ಅದರ ಮೇಲೆ ಕೆರೆಯ ಹಾಗೆ ನಿಂತಿತ್ತು. "ಟೇಬಲ್ ಬಹಳ ಚೆನ್ನಾಗಿದೆ ಸಾರ್. ಒಂದೇ ತೊಂದ್ರೆ, ತೀರಾ ಸಮ ಇದೆ. ಒಂದು ಹನಿಯೂ ಹರಿದು ಹೋಗ್ಲಿಲ್ಲ ನೋಡಿ" ಅಂದರು. ನನ್ನ ಮೇಜನ್ನು ಕುರಿತು ಇಷ್ಟು ಅರ್ಥಮಾಡಿಕೊಂಡು ಮಾತಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅದು ಹೊಗಳಿಕೆಯೋ ದೂರೋ ಎಂದು ಇವತ್ತಿಗೂ ತೀರ್ಮಾನಿಸಲಾಗಿಲ್ಲ.

ಒಂದು ವಾರ ದೊರೆ ಶೆಡ್ಡಿನಲ್ಲೇ, ಮೂಲೆಯಲ್ಲಿ ನೆಲಕ್ಕೆ ಹಾಸಿದ ಆ ಬೆಡ್‌ಶೀಟಿನ ಮೇಲೆ ಮಲಗಿದ್ದ. ಆದ್ದರಿಂದ ಧರ್ಮಪ್ಪನವರೂ ಶೆಡ್ಡಿನಲ್ಲೇ ಇದ್ದರು. ಮೂರನೆಯ ಲೋಟದ ಕಾಫಿ ಮತ್ತೆ ಅವರಿಗೇ ಸಂದಿತು. ಲೋಟವನ್ನು ಎಲ್ಲಿ ಇಡಬೇಕೆಂದು ಅವರು ಹುಡುಕುತ್ತಿದ್ದಾಗ ನಾನು ಮೇಜಿನ ಕಡೆ ತೋರಿಸಿದೆ. ಎರಡನೆಯ ದಿನ ನಾನು ತೋಟಕ್ಕೆ ಹೋಗಿದ್ದಾಗ ಅವರು ಉಪಕಾರಕ್ಕೆಂದು ಎರಡು ಬಕೆಟ್ಟು ಬಿಸಿನೀರು, ಸೋಪಿನ ಪುಡಿ, ತೆಂಗಿನ ನಾರು ತೆಗೆದುಕೊಂಡು ಮೇಜನ್ನು ಉಜ್ಜಿ ಉಜ್ಜಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ಫ್ಲಶ್ ಡೋರು ಬಾಗುವುದಿಲ್ಲ ಎನ್ನುವುದು ನಿಜ. ನೀರು ಕುಡಿದರೆ ಉಬ್ಬುತ್ತದೆ. ನಾನು ಬಂದಾಗ ನಡುವಿನಲ್ಲಿ ಒಂದು, ಅಂಚಿನಲ್ಲಿ ಎರಡು ಸಣ್ಣ ದಿಬ್ಬಗಳು ಎದ್ದಿದ್ದವು. ಸಕಲೇಶಪುರ ತಾಲ್ಲೂಕಿನ ನಕ್ಷೆಯನ್ನು ಉಬ್ಬಿಸಿ ಮಾಡಿದ ಹಾಗಿತ್ತು. ಧರ್ಮಪ್ಪನವರು ಕೈ ಒರೆಸಿಕೊಳ್ಳುತ್ತ, "ಹೆಂಗೈತೆ? ಒಂದ್ ಕಲೆ ಇಲ್ಲ" ಅಂದರು. ನಾನು ಅಂಗೈಯಿಂದ ಒಮ್ಮೆ ಸವರಿದೆ. "ಚೆನ್ನಾಗಾಯ್ತು" ಅಂದೆ. ಗಿರಿಜ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ, ಮಾರನೆಯ ದಿನ ಕೇಳದೇ ಮೆಣಸು ತಂದು ಹರವಿದಳು. ನಾನೂ ಉಳಿ ಸುತ್ತಿಗೆ ತೆಗೆದುಕೊಂಡು, ಗೀರಿನ ಭಯ ಬಿಟ್ಟು, ಅದರ ಮೇಲೇ ಕೆಲಸಕ್ಕೆ ಇಳಿದೆ.

ತಿಂಗಳಾದ ಮೇಲೆ ಡಾಕ್ಟರಮ್ಮ ಹೊಲಿಗೆಯ ಗುರುತು ನೋಡಲು ಬಂದರು. ದೊರೆ ಅವರನ್ನು ಗುರುತಿಸಿ ಮೇಜಿನ ಕೆಳಗೆ ಅಡಗಿಕೊಂಡ. ಹೋಗುವಾಗ ಅವರು ನನ್ನನ್ನು ಕರೆದು, ತಮ್ಮ ಆಸ್ಪತ್ರೆಗೆ ಕುರಿ ಮೇಕೆ ನಾಯಿಗಳಿಗೆಂದು ಇಂಥದೇ ಒಂದು ಟೇಬಲ್ ಮಾಡಿಕೊಡುತ್ತೀರಾ ಎಂದು ಕೇಳಿದರು. ಮೇಲೆ ತಗಡು ಹೊದಿಸಬೇಕು. ಒಂದು ಕಡೆಗೆ ಸ್ವಲ್ಪವೇ ಇಳಿಜಾರು ಇರಬೇಕು. ನೀರು ಹರಿದುಹೋಗುವಷ್ಟು, ಪ್ರಾಣಿ ಜಾರದಷ್ಟು. ಇಳಿಜಾರು ಎಂಬ ಮಾತು ಕೇಳಿ ನನಗೆ ನಗು ಬಂತು. ಜೀವನದಲ್ಲಿ ನಾನು ಪ್ರಯತ್ನವಿಲ್ಲದೆ ಸಾಧಿಸಿದ್ದು ಅದೊಂದೇ. ಒಪ್ಪಿಕೊಂಡೆ.

ಧರ್ಮಪ್ಪನವರೂ ನಾನೂ ಸೇರಿ ಮಾಡಿದೆವು. ಅವರು ಪ್ರತಿ ಹಂತದಲ್ಲೂ ಇದು ಯಾಕೆ ಆಗುವುದಿಲ್ಲ ಎಂದು ಹೇಳಿದರು, ಹೇಳುತ್ತಲೇ ಗರಗಸ ಎಳೆದರು. ತಗ್ಗು ತುಂಬಲು ರಟ್ಟು ಬೇಕಾದಾಗ ಮನೆಗೆ ಹೋಗಿ ಸೌಮ್ಯಳ ಮದುವೆಯಲ್ಲಿ ಮಿಕ್ಕಿದ್ದ ಪತ್ರಿಕೆಗಳ ಒಂದು ಕಟ್ಟನ್ನೇ ತಂದರು. ಗಣಪತಿ ಇರುವ ಭಾಗವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ದೇವರ ಗೂಡಿನಲ್ಲಿಟ್ಟು ಬಂದಿದ್ದರು. ಇಳಿಜಾರನ್ನು ನಾನು ಶೆಡ್ಡಿನಲ್ಲಿ ಅಳೆದೂ ಅಳೆದೂ ಸರಿಮಾಡಿದೆ. ತಂಬಿಗೆ ನೀರು ಸುರಿದರೆ ಅವಸರವಿಲ್ಲದೆ ಹರಿದು ತುದಿಯಿಂದ ಬಕೆಟ್ಟಿಗೆ ಬೀಳುತ್ತಿತ್ತು. ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಆಸ್ಪತ್ರೆಯಲ್ಲಿ ಇಳಿಸಿ, ಡಾಕ್ಟರಮ್ಮನ ಎದುರಿಗೇ ತಂಬಿಗೆ ನೀರು ಸುರಿದೆ. ನೀರು ಹರಿಯಲಿಲ್ಲ. ಸುರಿದಲ್ಲೇ ಕೆರೆಯಾಗಿ ನಿಂತಿತು. ಗುಡ್ಡದ ಮೇಲಿನ ಕಟ್ಟಡ; ಅದರ ನೆಲ ವಾಲಿದ್ದು ಆ ಕಡೆಗೆ, ನನ್ನ ಮೇಜು ವಾಲಿದ್ದು ಈ ಕಡೆಗೆ. ಎರಡೂ ಸೇರಿ ಆದಂಥ ಸಮವನ್ನು ನಾನು ನನ್ನ ಮೇಜಿನಲ್ಲೂ ಕಂಡಿರಲಿಲ್ಲ.

"ತಿರುಗ್ಸಿ ಇಟ್ರೆ ಆಯ್ತಪ್ಪ" ಅಂದರು ಧರ್ಮಪ್ಪನವರು. ತಿರುಗಿಸಿದೆವು. ಈಗ ಎರಡು ಇಳಿಜಾರೂ ಒಂದೇ ಕಡೆ ಸೇರಿದವು. ತಂಬಿಗೆಯನ್ನು ಮೇಜಿನ ಮೇಲಿಟ್ಟು ನಾನು ಕೈ ತೆಗೆದೆ. ಅದು ತಗಡಿನ ಮೇಲೆ ಗಂಭೀರವಾಗಿ ಜಾರಿಕೊಂಡು ಹೋಗಿ ಡಾಕ್ಟರಮ್ಮನ ಗಮ್‌ಬೂಟಿನ ಪಕ್ಕ ಬಿತ್ತು. ಅವರು ಒಳ್ಳೆಯವರು. ತಗ್ಗಿನ ಕಡೆಯ ಎರಡು ಕಾಲಿಗೆ ಏನಾದರೂ ಕೊಟ್ಟರೆ ಸರಿಹೋಗುತ್ತದೆ, ಆಮೇಲೆ ನೋಡೋಣ ಎಂದು ಹೇಳಿ, ಹೊರಗೆ ಕಾಯುತ್ತಿದ್ದವನನ್ನು ಒಳಗೆ ಕರೆದರು. ಪಾಳ್ಯದ ಕಡೆಯವನಂತೆ; ಕಾಲಿಗೆ ಗಾಯವಾದ ಒಂದು ಮೇಕೆಯನ್ನು ಎತ್ತಿಕೊಂಡು ಬಂದಿದ್ದ. ಅವನನ್ನು ಸಮಾಧಾನಪಡಿಸಲೆಂದು ಡಾಕ್ಟರಮ್ಮ, "ಹೆದರಬೇಡಿ, ಮಲಗಿಸಿ. ಹೊಸ ಟೇಬಲ್. ಈ ಸಾರೇ ನಮಗಾಗಿ ಸ್ವಂತ ಕೈಯಲ್ಲಿ ಮಾಡಿರೋದು" ಎಂದು ನನ್ನನ್ನು ಪರಿಚಯಿಸಿದರು. ನಾನು ನಮಸ್ಕಾರ ಮಾಡಿದೆ. ಆತ ನೆಲದ ಮೇಲೆ ಬಿದ್ದಿದ್ದ ತಂಬಿಗೆಯನ್ನು ನೋಡಿದ, ಮೇಜನ್ನು ನೋಡಿದ, ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಮೇಕೆಯನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು, "ಇರ್ಲಿ ಬುಡಿ ಮೇಡಂ, ನಾನೇ ಹಿಡ್ಕಂಡಿರ್ತೀನಿ" ಅಂದ.